ಮುಂಚೆಯೇ ಸಲ್ಲಿಸಿದ ಸ್ತೋತ್ರ

ಕಳೆದ ತಿಂಗಳು ತಂಗಿಯ ಮಗಳನ್ನು ರೈಲು ಹತ್ತಿಸಲು ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋಗಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಪಾರ್ಸೆಲ್ ಆಫೀಸಿನ ಮುಂದೆ ಗೋಣಿಚೀಲಗಳು ನೆನೆದು ಬಿದ್ದಿದ್ದವು. ಆ ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ಇದ್ದ ಬೆಂಚಿನ ಮೇಲೆ ಕೂತುಬಿಟ್ಟೆ. ಹುಡುಗಿ ಗಾಬರಿಯಾಗಿ ಬಿಪಿ ಏನಾದರೂ ಹೆಚ್ಚಾಯಿತೇ ಎಂದು ಕೇಳಿದಳು. ಹೌದು ಎಂದೆ. ಅದು ಬಿಪಿಯಲ್ಲ, ತೊಂಬತ್ತನೆಯ ಇಸವಿ. ಆದರೆ ಹೊರಟು ನಿಂತ ರೈಲಿನ ಮುಂದೆ ಅದನ್ನೆಲ್ಲ ಹೇಳುತ್ತ ಕೂರಲಾಗುತ್ತದೆಯೇ?

ಆಗ ನಾವು ಮರ್ಫಿ ಟೌನಿನಲ್ಲಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ಬೀದಿಗೆ ತೆರೆದುಕೊಳ್ಳುವ ಎರಡು ಮೆಟ್ಟಿಲು. ನಾನು ಹಲಸೂರಿನ ಒಂದು ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಟೀಚರ್. ಗಂಡ ಜಯಕರ್ ಏರ್ ಕಂಡೀಷನ್ ರಿಪೇರಿ ಕೆಲಸಕ್ಕೆಂದು ಕುವೈತಿಗೆ ಹೋಗಿ ಒಂದೂವರೆ ವರ್ಷವಾಗಿತ್ತು. ಮನೆಯಲ್ಲಿ ನಾನು ಮತ್ತು ಅತ್ತೆ ಎಸ್ತೇರಮ್ಮ, ಇಬ್ಬರೇ. ನಮ್ಮ ಬೀದಿಯಲ್ಲಿ ಕನ್ನಡದಲ್ಲಿ ಪ್ರಾರ್ಥನೆ ಮಾಡುವವರು ನಾವು ಮಾತ್ರ. ಜಗಳವನ್ನು ಮಾತ್ರ ಎಲ್ಲರ ಹಾಗೆ ನಾವೂ ತಮಿಳಿನಲ್ಲೇ ಆಡುತ್ತಿದ್ದೆವು. ಅತ್ತೆ ಬೆಳಗ್ಗೆ ಎದ್ದ ಕೂಡಲೇ ಅಡುಗೆಮನೆಯಲ್ಲಿ ಸೀಮೆಎಣ್ಣೆ ಸ್ಟೌವಿನ ಪಕ್ಕ ಮೊಣಕಾಲೂರಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದರು. ದೇವರ ಜೊತೆ ಅವರು ಮಾತಾಡುತ್ತಿದ್ದ ರೀತಿ ಊರಿನಿಂದ ಬಂದ ಅಣ್ಣನ ಜೊತೆ ಮಾತಾಡಿದಂತಿರುತ್ತಿತ್ತು. ದೇವರಿಗೆ ವಂದನೆ ಹೇಳುವ ಸ್ತೋತ್ರವಾದ ಮೇಲೆ ನಲ್ಲಿಯಲ್ಲಿ ನೀರು ಬರದ ಬಗ್ಗೆಯೂ ಒಂದು ದೂರು ಇರುತ್ತಿತ್ತು. ನನಗೆ ಅಷ್ಟು ಸಲಿಗೆ ಯಾವತ್ತೂ ಬರಲಿಲ್ಲ. ನಾನು ಕಣ್ಣು ಮುಚ್ಚಿದರೆ ಶಾಲೆಯ ಕೆಲಸವೇ ನೆನಪಾಗುತ್ತಿತ್ತು.

ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಕುವೈತಿಗೆ ಸೈನ್ಯ ನುಗ್ಗಿತು ಎಂದು ರೇಡಿಯೋದಲ್ಲಿ ಬಂತು. ನಾನು ಆಗ ಅಕ್ಕಿ ಆರಿಸುತ್ತಿದ್ದೆ. ಅತ್ತೆಗೆ ಅರ್ಥವಾಗಲಿಲ್ಲ; ಯಾರು ಯಾರ ಮೇಲೆ ನುಗ್ಗಿದರು ಎಂದು ಕೇಳಿದರು. ನಾನು ಮೊರವನ್ನು ಕೆಳಗಿಟ್ಟೆ. ಅಲ್ಲಿಂದ ಮುಂದಕ್ಕೆ ಕಾಗದವಿಲ್ಲ, ಫೋನಿಲ್ಲ, ಯಾವ ಸುಳಿವೂ ಇಲ್ಲ. ಬೀದಿಯ ಮೂಲೆಯ ಅಂಗಡಿಯಲ್ಲಿ ಫೋನಿತ್ತು, ಅದು ರಿಂಗಾದಾಗಲೆಲ್ಲ ನಾನು ಮೆಟ್ಟಿಲಿಗೆ ಓಡಿಬರುತ್ತಿದ್ದೆ. ಅಂಗಡಿಯವನು ಅಲ್ಲಿಂದಲೇ ಕೈ ಆಡಿಸಿ ನಮಗಲ್ಲ ಎನ್ನುತ್ತಿದ್ದ. ಪೇಪರಿನಲ್ಲಿ ಮರಳುಗಾಡಿನ ಡೇರೆಗಳ ಫೋಟೋ ಬರತೊಡಗಿತು. ನೀರಿಗಾಗಿ ನೂಕಾಡುವ ಜನ, ತಲೆಗೆ ಬಟ್ಟೆ ಸುತ್ತಿಕೊಂಡ ಗಂಡಸರು. ಮುಖಗಳು ಸ್ಪಷ್ಟವಿರುತ್ತಿರಲಿಲ್ಲ, ಆದ್ದರಿಂದ ಪ್ರತಿಯೊಂದೂ ಜಯಕರ್ ಅವರದೇ ಆಗಿರಬಹುದಿತ್ತು. ನನ್ನ ಭಯಕ್ಕೆ ಆಗ ಒಂದು ಚಾಳಿ ಬಂದಿತ್ತು. ಊಟಕ್ಕೆ ಕೂತರೆ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಅಲ್ಲಿ ಅವರಿಗೆ ನೀರೂ ಸಿಗದೇ ಇರುವಾಗ ಇಲ್ಲಿ ನಾನು ಸಾರು ಕಲಸಿದರೆ ಏನೋ ಕೆಟ್ಟದ್ದಾಗಿಬಿಡುತ್ತದೆ ಅನ್ನಿಸುತ್ತಿತ್ತು. ಯಾರಿಗೂ ಹೇಳಲಿಲ್ಲ. ಇಂಥದ್ದನ್ನು ಹೇಳಿದರೆ ಜನ ನಗುತ್ತಾರೆ.

ಆಗಸ್ಟ್ ಮುಗಿಯುವ ಹೊತ್ತಿಗೆ ನಮ್ಮವರು ಮರುಭೂಮಿ ದಾಟಿ ಬೇರೆ ದೇಶ ಸೇರುತ್ತಿದ್ದಾರೆ, ಅಲ್ಲಿಂದ ವಿಮಾನದಲ್ಲಿ ಬೊಂಬಾಯಿಗೆ ಕರೆತರುತ್ತಿದ್ದಾರೆ ಎಂದು ಸುದ್ದಿ ಬಂತು. ಬೊಂಬಾಯಿಯಿಂದ ಬೆಂಗಳೂರಿಗೆ ಬರುವ ರೈಲು ಬೆಳಗ್ಗೆ ಕಂಟೋನ್ಮೆಂಟಿನಲ್ಲಿ ನಿಲ್ಲುತ್ತಿತ್ತು. ಶಿವಾಜಿನಗರದ ಯಾರೋ ಹಾಗೆಯೇ ಬಂದಿಳಿದರಂತೆ ಎಂದು ಕೇಳಿದ ಮರುದಿನದಿಂದ ನಾನು ಶಾಲೆಗೆ ಹೋಗುವ ಮುಂಚೆ ಸ್ಟೇಷನ್ನಿಗೆ ಹೋಗಲು ಶುರುಮಾಡಿದೆ. ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಪಾರ್ಸೆಲ್ ಆಫೀಸಿನ ಹತ್ತಿರ ನಿಲ್ಲುತ್ತಿದ್ದೆ. ಅಲ್ಲಿಂದ ಎರಡೂ ಕಡೆಯ ಬೋಗಿಗಳು ಕಾಣುತ್ತಿದ್ದವು. ಆ ವರ್ಷ ಮಳೆ ಬಿಡುವು ಕೊಡಲಿಲ್ಲ. ಗೋಣಿಚೀಲಗಳು ಒಣಗಿದ್ದನ್ನು ನಾನು ನೋಡಲೇ ಇಲ್ಲ.

ನನ್ನ ಹಾಗೆ ಕಾಯುವ ಇನ್ನೊಬ್ಬಳು ಅಲ್ಲಿದ್ದಳು. ಶಿವಾಜಿನಗರದ ಜುಬೇದಾ, ವಯಸ್ಸಿನಲ್ಲಿ ನನ್ನ ಅಮ್ಮನ ಹಾಗೆ. ಅವಳ ಮಗ ರಹಮತ್ ಕುವೈತಿನಲ್ಲಿ ಲಾರಿ ಡ್ರೈವರ್. ಮೊದಮೊದಲು ನಾವು ಮಾತಾಡಲಿಲ್ಲ. ಇಬ್ಬರ ಕಣ್ಣೂ ಒಂದೇ ಬಾಗಿಲುಗಳ ಮೇಲೆ ಇರುತ್ತಿತ್ತು, ಇಬ್ಬರೂ ಬರಿಗೈಯಲ್ಲಿ ಹಿಂದಿರುಗುತ್ತಿದ್ದೆವು. ಕೆಲವು ದಿನ ಕಳೆದ ಮೇಲೆ ಅವಳೇ ಕೊಡೆಯನ್ನು ನನ್ನ ತಲೆಯ ಕಡೆಗೂ ವಾಲಿಸಿದಳು. ಅವಳ ಮಾತು ಅರ್ಧ ಕನ್ನಡ, ಅರ್ಧ ಉರ್ದು. ರೈಲು ಹೊರಟುಹೋದ ಮೇಲೆ ದಿನವೂ ಒಂದೇ ಮಾತು ಹೇಳುತ್ತಿದ್ದಳು: "ಆಜ್ ನೈ ಆಯಾ. ನಾಳೆ ನೋಡುವಾ."

ರೈಲು ನಿಂತ ಆ ನಾಲ್ಕೈದು ನಿಮಿಷ ನಾನು ಪಟ್ಟ ಪಾಡು ಯಾವ ಶತ್ರುವಿಗೂ ಬೇಡ. ಸೂಟ್‌ಕೇಸಿಲ್ಲದೆ, ಒಂದು ಪ್ಲಾಸ್ಟಿಕ್ ಚೀಲ ಹಿಡಿದು, ಸುಟ್ಟು ಕಪ್ಪಾದ ಮುಖ ಹೊತ್ತು ಯಾರಾದರೂ ಇಳಿದರೆ ಅವರು ಅಲ್ಲಿಂದಲೇ ಬಂದವರು ಎಂದು ಗೊತ್ತಾಗುತ್ತಿತ್ತು. ನಾವು ಹತ್ತಿರ ಹೋಗಿ ಹೆಸರು ಹೇಳಿ ಕೇಳುತ್ತಿದ್ದೆವು. ಅವರು ತಲೆಯಾಡಿಸುತ್ತಿದ್ದರು. ಒಬ್ಬ ಮಾತ್ರ, ದಾರಿಯಲ್ಲಿ ಬಸ್ಸು ಕೆಟ್ಟು ಬಹಳ ಜನ ಹಿಂದೆ ಉಳಿದರು, ಅವರೇನಾದರೋ ತಿಳಿಯದು ಎಂದ. ಅವನಿಗೆ ಬಾಯಿ ಮುಚ್ಚಿಕೊಂಡಿರಲು ಆಗುತ್ತಿರಲಿಲ್ಲವೇ ಎಂದು ಅಂದು ಇಡೀ ದಿನ ಅವನನ್ನು ಮನಸ್ಸಿನಲ್ಲೇ ಬೈದೆ.

ಇತ್ತ ಮನೆಯಲ್ಲಿ ಅತ್ತೆಗೆ ಒಂಚೂರೂ ಭಯವಿದ್ದಂತೆ ಕಾಣುತ್ತಿರಲಿಲ್ಲ. ಸೆಪ್ಟೆಂಬರಿನ ಒಂದು ಬೆಳಗ್ಗೆ ಅಡುಗೆಮನೆಯಿಂದ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದು ನನ್ನ ಮುಂದೆ ನಿಂತರು. "ದೇವರು ನಂಗೆ ತಿಳಿಸಿದ್ದಾರೆ ಸುಗುಣ. ಸುಗ್ಗಿ ಹಬ್ಬದೊಳಗೆ ಜಯಕರ ಮನೇಲಿರ್ತಾನೆ" ಎಂದರು.

ಸುಗ್ಗಿ ಹಬ್ಬವೆಂದರೆ ನಮ್ಮ ಚರ್ಚಿನ ಸಭೆಯಲ್ಲಿ ಅಕ್ಟೋಬರಿನ ಒಂದು ಭಾನುವಾರ. ನಮ್ಮಲ್ಲಿ ಯಾರಿಗೂ ಹೊಲವಿರಲಿಲ್ಲ. ರಸೆಲ್ ಮಾರ್ಕೆಟ್ಟಿನಿಂದ ಕುಂಬಳಕಾಯಿ, ಕಬ್ಬು, ಬಾಳೆಗೊನೆ ತಂದು ದೇವಾಲಯದಲ್ಲಿ ಪೀಠದ ಮುಂದೆ ಜೋಡಿಸುತ್ತಿದ್ದೆವು. ಕೋಳಿ ಸಾಕಿದವರು ಕೋಳಿ, ಕೇಕ್ ಮಾಡಿದವರು ಕೇಕ್. ಆರಾಧನೆ ಮುಗಿದ ಮೇಲೆ ಹೊರಗೆ ಅವುಗಳ ಹರಾಜು. ವರ್ಷದಲ್ಲಿ ಮನೆಯಲ್ಲಿ ಒಳ್ಳೆಯದೇನಾದರೂ ಆಗಿದ್ದರೆ ಅದಕ್ಕೆ ವಿಶೇಷ ಸ್ತೋತ್ರ ಕಾಣಿಕೆ ಕೊಡುವುದು ವಾಡಿಕೆ. ಮಗು ಹುಟ್ಟಿದ್ದಕ್ಕೆ, ಕೆಲಸ ಸಿಕ್ಕಿದ್ದಕ್ಕೆ, ಆಪರೇಷನ್ ಸುಸೂತ್ರವಾಗಿದ್ದಕ್ಕೆ ಎಂದು ಸಭೆಯ ಮುಂದೆ ಓದುತ್ತಾರೆ. ಓದುವುದು ಬಹಳ ಇರುತ್ತಿದ್ದುದರಿಂದ ಒಂದು ವಾರ ಮುಂಚೆಯೇ ಸಭೆಯ ಕಾರ್ಯದರ್ಶಿಗೆ ಹೇಳಿ ಬರೆಸಬೇಕಿತ್ತು.

ಅತ್ತೆಯ ಆ ಮಾತು ನನಗೆ ಧೈರ್ಯ ಕೊಡಬೇಕಿತ್ತು, ಕೊಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು. ಅಲ್ಲಿಯವರೆಗೆ ಭಯಕ್ಕೆ ಗಡುವು ಇರಲಿಲ್ಲ, ಈಗ ಬಂತು. ಹಬ್ಬದೊಳಗೆ ಬರದಿದ್ದರೆ ಏನರ್ಥ? ಅತ್ತೆಗೆ ದೇವರು ತಿಳಿಸಿದ್ದು ಸುಳ್ಳೇ, ಅಥವಾ ಜಯಕರ್ ಇನ್ನು ಬರುವುದೇ ಇಲ್ಲವೇ? ಸ್ಟೇಷನ್ನಿಗೆ ಹೋಗುವಾಗಲೂ ಈ ಲೆಕ್ಕವೇ ತಲೆ ತಿನ್ನುತ್ತಿತ್ತು. ನನ್ನ ಪ್ರಾರ್ಥನೆಯಂತೂ ಗಂಡನ ಹೆಸರನ್ನು ದಾಟಿ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಜಯಕರ್, ಜಯಕರ್ ಎಂದು ಹೇಳಿ ಆಮೆನ್ ಅನ್ನುತ್ತಿದ್ದೆ.

ಹಬ್ಬ ಬಂತು, ಅವರು ಬರಲಿಲ್ಲ. ಆ ಬೆಳಗ್ಗೆಯೂ ನಾನು ಸ್ಟೇಷನ್ನಿಗೆ ಹೋಗಿ, ಜುಬೇದಾಳ ಜೊತೆ ಖಾಲಿಯಾಗುವ ರೈಲನ್ನು ನೋಡಿ, ಅಲ್ಲಿಂದ ನೇರವಾಗಿ ದೇವಾಲಯಕ್ಕೆ ಬಂದೆ. ಅತ್ತೆ ಆಗಲೇ ಹೆಂಗಸರ ಸಾಲಿನಲ್ಲಿ ಕೂತಿದ್ದರು. ಪೀಠದ ಮುಂದಿನ ಕುಂಬಳಕಾಯಿಗಳ ನಡುವೆ ಒಂದು ಬುಟ್ಟಿಯಲ್ಲಿ ನಮ್ಮ ಕೆಂಚು ಕೋಳಿ ಕಾಲು ಕಟ್ಟಿಸಿಕೊಂಡು ಮಲಗಿತ್ತು. ಕೋಳಿ ಕೊಡುತ್ತಾರೆಂಬುದು ನನಗೆ ಗೊತ್ತಿತ್ತು. ಯಾವುದಕ್ಕೆ ಎಂಬುದು ಗೊತ್ತಿರಲಿಲ್ಲ.

ಕಾರ್ಯದರ್ಶಿ ಕನ್ನಡಕ ಏರಿಸಿಕೊಂಡು ಓದುತ್ತ ಬಂದರು. ಮದುವೆ, ಮೊಮ್ಮಗು, ಪ್ರಮೋಷನ್. ಆಮೇಲೆ ಅದೇ ದನಿಯಲ್ಲಿ ಓದಿದರು: "ಶ್ರೀಮತಿ ಎಸ್ತೇರಮ್ಮನವರು ತಮ್ಮ ಮಗ ಜಯಕರನು ಕುವೈತಿನಿಂದ ಕ್ಷೇಮವಾಗಿ ಮನೆ ಸೇರಿದ್ದಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸುತ್ತಾರೆ."

ಇಡೀ ಸಭೆ ನಮ್ಮ ಕಡೆ ತಿರುಗಿತು. ಎಲ್ಲರ ಮುಖದಲ್ಲೂ ನಗು. ಮುಂದಿನ ಸಾಲಿನ ಹೆಂಗಸೊಬ್ಬಳು ಹಿಂದಕ್ಕೆ ಬಾಗಿ ನನ್ನ ಕೈ ಹಿಡಿದು ಅಮುಕಿದಳು. ನಾನೇನು ಮಾಡಿದೆ ಗೊತ್ತೇ? ನಾನೂ ಬಾಗಿಲ ಕಡೆ ತಿರುಗಿ ನೋಡಿದೆ. ಒಂದು ಗಂಟೆಯ ಹಿಂದೆ ಖಾಲಿ ರೈಲು ನೋಡಿ ಬಂದವಳು, ಆದರೂ ನಂಬಿದೆ. ನಾನು ಸ್ಟೇಷನ್ನಿನಲ್ಲಿದ್ದಾಗ ಬೇರೆ ಹೇಗೋ ಬಂದಿರಬೇಕು, ಗಂಡಸರ ಸಾಲಿನಲ್ಲಿ ಎಲ್ಲೋ ಕೂತಿರಬೇಕು ಎಂದು ಒಂದೊಂದೇ ತಲೆಯನ್ನು ಹುಡುಕಿದೆ. ಆ ಸುಖ ಎಷ್ಟು ಹೊತ್ತು ಇತ್ತೋ, ಆಮೇಲೆ ಅತ್ತೆಯ ಮುಖ ನೋಡಿದೆ. ಅವರು ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈಯಲ್ಲಿ ಮುಂದಿನ ಬೆಂಚನ್ನು ಹಿಡಿದುಕೊಂಡಿದ್ದರು.

ನಾನು ಎದ್ದು ನಿಂತೆ. ನಮ್ಮ ಸಭೆಯಲ್ಲಿ ಹೆಂಗಸರು ಹಾಗೆ ನಡುವೆ ಎದ್ದು ಮಾತಾಡುವುದಿಲ್ಲ. "ಅವ್ರು ಬಂದಿಲ್ಲ" ಎಂದೆ. ಯಾರಿಗೂ ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಹೇಳಿದೆ. ಎಲ್ಲರಿಗೂ ಕೇಳಿಸಿತ್ತು.

ಬುಟ್ಟಿಯಲ್ಲಿ ಕೋಳಿ ಕೊಕ್ಕರಿಸುತ್ತಿತ್ತು. ಕಾರ್ಯದರ್ಶಿ ಕೈಯಲ್ಲಿದ್ದ ಕಾಗದವನ್ನೂ ನನ್ನನ್ನೂ ನೋಡುತ್ತ ನಿಂತರು. ನಮ್ಮ ಅಯ್ಯನವರು, ಎಂದರೆ ಸಭಾಪಾಲಕರು, ವಯಸ್ಸಾದವರು. ಪ್ರಸಂಗಕ್ಕೆ ನಿಂತರೆ ಬೇಗ ಮುಗಿಸುವವರಲ್ಲ. ಅವರು ಪೀಠದಿಂದ ಮೆಲ್ಲಗೆ ಇಳಿದು ಬಂದರು. "ಹಾಗಾದ್ರೆ ನಾವಿನ್ನೂ ಕೇಳ್ಕೊಳ್ಳೋದಿದೆ" ಎಂದಷ್ಟೇ ಹೇಳಿ, ಬಿಳಿ ನಿಲುವಂಗಿಯಲ್ಲೇ ತರಕಾರಿಗಳ ನಡುವೆ ನೆಲಕ್ಕೆ ಮೊಣಕಾಲೂರಿದರು. ಸಭೆಯೂ ಊರಿತು. ಅತ್ತೆ ಮಾತ್ರ ಊರಲಿಲ್ಲ, ಕೂತಲ್ಲೇ ಕೂತಿದ್ದರು.

ಹೊರಗೆ ಬಂದ ಮೇಲೆ ನಾಲಿಗೆಗಳಿಗೆ ಕೆಲಸ ಸಿಕ್ಕಿತು. ಆಗದೇ ಇರುವುದಕ್ಕೆ ಸ್ತೋತ್ರ ಹೇಳಿಸಿ ಎಸ್ತೇರಮ್ಮ ದೇವರನ್ನೇ ಪರೀಕ್ಷಿಸಿದರು, ಇನ್ನೇನು ಕಾದಿದೆಯೋ ಎಂದು ಕೆಲವರು. ಸೊಸೆಗೆ ನಂಬಿಕೆ ಸಾಲದು, ಬಾಯಿ ಮುಚ್ಚಿಕೊಂಡು ಕೂತಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಇನ್ನು ಕೆಲವರು. ಹರಾಜಿನಲ್ಲಿ ನಮ್ಮ ಕೋಳಿಗೆ ಯಾರೂ ಬೆಲೆ ಕೂಗಲಿಲ್ಲ. ಕೊನೆಗೆ ಕಾರ್ಯದರ್ಶಿಯೇ ಕೊಂಡು, ಸಂಜೆ ಅದನ್ನು ಚೀಲದಲ್ಲಿ ಹಾಕಿಕೊಂಡು ನಮ್ಮ ಮನೆಗೆ ತಂದು ಮೆಟ್ಟಿಲ ಮೇಲೆ ಬಿಟ್ಟು ಹೋದರು. ಅದು ಏನೂ ಆಗದಂತೆ ಒಳಗೆ ಬಂದು ತನ್ನ ಮೂಲೆ ಸೇರಿಕೊಂಡಿತು.

ಆ ದಿನದಿಂದ ಅತ್ತೆ ಬಾಯಿಗೆ ಬೀಗ ಹಾಕಿಕೊಂಡರು. ನನ್ನ ಮೇಲಿನ ಕೋಪವೆಂದು ಮೊದಲು ಅಂದುಕೊಂಡೆ. ಆದರೆ ಅವರು ಬೆಳಗ್ಗೆ ಅಡುಗೆಮನೆಯಲ್ಲಿ ಮೊಣಕಾಲೂರುವುದನ್ನೂ ನಿಲ್ಲಿಸಿದರು. ಎದ್ದು, ಸ್ಟೌ ಹಚ್ಚಿ, ಅದರ ಜ್ವಾಲೆ ನೋಡುತ್ತ ನಿಂತಿರುತ್ತಿದ್ದರು. ನನಗೆ ಯಾವ ಧೈರ್ಯ ಕಂಡರೆ ಸಿಟ್ಟು ಬರುತ್ತಿತ್ತೋ ಅದು ಇಲ್ಲವಾದ ಮೇಲೆ ಮನೆಯಲ್ಲಿ ನಿಲ್ಲುವುದೇ ಕಷ್ಟವಾಯಿತು. ಅವರು ನಂಬುತ್ತಾರೆ ಎಂಬ ಒಂದೇ ಕಾರಣಕ್ಕೆ ನಾನು ನಿಶ್ಚಿಂತೆಯಿಂದ ಹೆದರಿಕೊಂಡಿರಲು ಸಾಧ್ಯವಾಗಿತ್ತೆಂದು ಆಗ ತಿಳಿಯಿತು. ಅದೇ ವಾರ ರೇಡಿಯೋದಲ್ಲಿ ವಿಮಾನಗಳು ಇನ್ನು ಕೆಲವೇ ದಿನ, ಬಹುಪಾಲು ಜನರನ್ನು ಕರೆತಂದಾಯಿತು ಎಂದರು. ಆ ಬಹುಪಾಲಿನಲ್ಲಿ ಇಲ್ಲದವರ ಗತಿಯೇನೆಂದು ರೇಡಿಯೋ ಹೇಳಲಿಲ್ಲ. ಮರುದಿನ ನಾನು ಸ್ಟೇಷನ್ನಿಗೆ ಹೋಗಲಿಲ್ಲ. ನೋಡದೇ ಇದ್ದರೆ ಇಲ್ಲ ಎಂಬುದೂ ಇರುವುದಿಲ್ಲವಲ್ಲ. ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದೆ.

ಅದರ ಮಾರನೆಯ ಬೆಳಗ್ಗೆ ಅತ್ತೆ ನನ್ನ ಭುಜ ಅಲುಗಿಸಿದರು. ದೇವಾಲಯಕ್ಕೆ ಉಡುವ ಸೀರೆ ಉಟ್ಟಿದ್ದರು. "ಏಳು, ರೈಲಿಗೆ ಹೊತ್ತಾಗುತ್ತೆ. ನಾನೂ ಬರ್ತೀನಿ" ಎಂದರು.

ಮಳೆ ಹನಿಯುತ್ತಿತ್ತು. ಜುಬೇದಾ ನಮ್ಮನ್ನು ನೋಡಿ ನಿನ್ನೆ ಯಾಕೆ ಬರಲಿಲ್ಲವೆಂದು ಕೇಳಿದಳು, ನಾನು ಜ್ವರವೆಂದೆ. ರೈಲು ಬಂತು, ಜನ ಇಳಿದರು. ಅತ್ತೆಗೆ ಇದು ಹೊಸದು. ಪ್ರತಿ ಬೋಗಿಯ ಬಾಗಿಲಿಗೂ ಅವರ ತಲೆ ಅತ್ತಿತ್ತ ಹೊರಳುತ್ತಿದ್ದುದನ್ನು ನೋಡಿದೆ, ಹಿಡಿದ ನನ್ನ ಮಣಿಕಟ್ಟನ್ನು ಅವರು ಬಿಡಲಿಲ್ಲ. ರೈಲು ಹೊರಟುಹೋಯಿತು. ಜುಬೇದಾ ತನ್ನ ಎಂದಿನ ಮಾತು ಹೇಳಿ ನಡೆದಳು. ಅತ್ತೆ ಅಲ್ಲೇ ನಿಂತಿದ್ದರು.

"ದೇವರು ನಂಗೇನೂ ತಿಳಿಸಿರ್ಲಿಲ್ಲ ಸುಗುಣ" ಎಂದರು. ನನ್ನ ಕಡೆ ನೋಡಲಿಲ್ಲ, ಹಳಿಗಳನ್ನು ನೋಡುತ್ತಿದ್ದರು. "ದಿನಾ ಕೇಳ್ದೆ. ಒಂದು ಮಾತೂ ಬರ್ಲಿಲ್ಲ. ನಂಗೆ ಭಯ ಆಗೋಯ್ತು. ಬಾಯಿಬಿಟ್ಟು ಹೇಳ್ಬಿಟ್ರೆ ದೇವರು ನಡೆಸ್ಕೊಡ್ತಾನೆ ಅಂದ್ಕೊಂಡೆ. ಸ್ತೋತ್ರ ಕೊಟ್ಬಿಟ್ರೆ ಇಲ್ಲ ಅನ್ನೋಕಾಗಲ್ಲ ಅಂದ್ಕೊಂಡೆ."

"ನಂಗೂ ಏನೂ ತಿಳಿಸಿಲ್ಲ ಅತ್ತೆ" ಎಂದೆ.

ಅವರು ತಲೆಯಾಡಿಸಿದರು. ಆಮೇಲೆ, ನಾಳೆ ಕೊಡೆ ಮರೆಯಬಾರದು ಎಂದರು. ಆ ಮಾತಿನಲ್ಲಿ ಏನಿತ್ತೆಂದು ಇವತ್ತಿಗೂ ನಾನು ಯೋಚಿಸುತ್ತೇನೆ. ಭಯ ಹೋಗಲಿಲ್ಲ, ಸುಳ್ಳು ಹೇಳಲಾರೆ. ಆದರೆ ಆವರೆಗೆ ದೇವರ ನಡೆಸುವಿಕೆ ಎಂದರೆ ಮುಂದೇನೆಂದು ಮೊದಲೇ ತಿಳಿಯುವುದು ಅಂದುಕೊಂಡಿದ್ದೆ, ಮತ್ತು ಅದು ನನ್ನಂಥವರಿಗಲ್ಲ, ಅತ್ತೆಯಂಥವರಿಗೆ ಅಂದುಕೊಂಡಿದ್ದೆ. ಅವರಿಗೂ ಏನೂ ಕೇಳಿಸಿರಲಿಲ್ಲ. ಆದರೂ ಸೀರೆ ಉಟ್ಟು ನನ್ನನ್ನು ಎಬ್ಬಿಸಿದ್ದರು. ಅಂದು ಮನೆಗೆ ಬಂದು ಇಬ್ಬರೂ ಸ್ಟೌವಿನ ಪಕ್ಕ ಮೊಣಕಾಲೂರಿದೆವು. ಅವರು ಬೇಡಿದ್ದು ಎರಡೇ ಮಾತು: ನಮಗೆ ಹೆದರಿಕೆಯಾಗಿದೆ, ನಮ್ಮ ಕೈ ಬಿಡಬೇಡ. ಆಮೆನ್ ನಾನು ಹೇಳಿದೆ. ಅಂದು ಅನ್ನ ಗಂಟಲಲ್ಲಿ ಇಳಿಯಿತು.

ಆಮೇಲೆ ದಿನವೂ ಇಬ್ಬರೂ ಹೋದೆವು. ಇಳಿಯುವವರಲ್ಲಿ ಪ್ಲಾಸ್ಟಿಕ್ ಚೀಲದವರು ಕಡಿಮೆಯಾಗುತ್ತ ಬಂದರು. ಒಂದು ಬೆಳಗ್ಗೆ ಒಬ್ಬರೂ ಇರಲಿಲ್ಲ. ಅವತ್ತು ಹಿಂದಿರುಗುವಾಗ ಹಲಸೂರು ಕೆರೆಯ ಏರಿಯ ಮೇಲೆ ಅತ್ತೆ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ನಮ್ಮ ಬೀದಿಗೆ ತಿರುಗಿದರೆ ಮನೆಯ ಮುಂದೆ ಜನ. ಸಾವಿನ ಮನೆಯ ಮುಂದೆಯೂ ಜನ ಹಾಗೆಯೇ ನಿಲ್ಲುತ್ತಾರೆ. ಅತ್ತೆ ನನ್ನ ಕೈ ಬಿಟ್ಟು ಮುಂದೆ ಹೋದರು.

ಮೆಟ್ಟಿಲ ಮೇಲೆ ಒಬ್ಬ ಗಡ್ಡದವನು ಪಕ್ಕದ ಮನೆಯವರ ಲೋಟದಲ್ಲಿ ಟೀ ಕುಡಿಯುತ್ತ ಕೂತಿದ್ದ. ತುಟಿಗಳು ಒಡೆದಿದ್ದವು, ಕಾಲಲ್ಲಿ ಯಾರದೋ ಚಪ್ಪಲಿ. ಅವರು ಜಯಕರ್. ಬೊಂಬಾಯಿಯಲ್ಲಿ ನಮ್ಮ ರೈಲಿಗೆ ಜಾಗ ಸಿಗದೆ, ಜೊತೆಗಿದ್ದವರೊಂದಿಗೆ ಮದರಾಸಿನ ರೈಲು ಹತ್ತಿ, ಅಲ್ಲಿಂದ ಬೆಂಗಳೂರಿನ ರೈಲು ಹಿಡಿದಿದ್ದರಂತೆ. ಅದು ಸಿಗ್ನಲ್ ಸಿಗದೆ ಕೆ.ಆರ್. ಪುರದಲ್ಲಿ ನಿಂತಾಗ, ಕೂತಿರಲಾರದೆ ಇಳಿದು ಬಸ್ಸಿನಲ್ಲಿ ಬಂದಿದ್ದರು. ಇದೆಲ್ಲ ಆಮೇಲೆ ತಿಳಿದದ್ದು. ಆ ಗಳಿಗೆಯಲ್ಲಿ ಅವರು ನಮ್ಮಿಬ್ಬರನ್ನೂ ನೋಡಿ ಲೋಟ ಕೆಳಗಿಟ್ಟು, ದನಿ ಒಡೆದು, "ಎಲ್ಲಿಗ್ ಹೋಗಿದ್ರಿ? ಬಾಗ್ಲು ಹಾಕಿತ್ತು" ಎಂದರು.

"ನಿನ್ನ ಕರ್ಕೊಂಡ್ ಬರೋಕೆ" ಎಂದರು ಅತ್ತೆ. ಹೇಳಿ ಬೀದಿಯಲ್ಲೇ ಕುಸಿದು ಕೂತರು.

ನಾನು ಅಳತೊಡಗಿದೆ, ಅತ್ತು ಮುಗಿದ ಮೇಲೂ ಗಂಡನ ತೋಳನ್ನು ಬಿಡಲಿಲ್ಲ. ಬಿಟ್ಟರೆ ಕನಸೊಡೆಯುತ್ತದೆಂದು ಅಂದು ಇಡೀ ದಿನ ಹೆದರಿಕೊಂಡೇ ಇದ್ದೆ. ಕೇರಿಯವರೆಲ್ಲ ಬಂದು ಹೋದರು. ಅಯ್ಯನವರು ಬಂದು ಜಯಕರ್ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು, ಮುಂದಿನ ಭಾನುವಾರ ಸಭೆಯ ಮುಂದೆ ಸ್ತೋತ್ರ ಹೇಳಿಸೋಣವೇ ಎಂದು ಅತ್ತೆಯನ್ನು ಕೇಳಿದರು. ಅತ್ತೆ ಆಗಲಿ ಎಂದರು, ಆದರೆ ಅವರ ಮನಸ್ಸು ಬೇರೆಲ್ಲೋ ಇತ್ತು.

ಮಾರನೆಯ ಬೆಳಗ್ಗೆ ನಾನು ಕಣ್ಣು ಬಿಟ್ಟಾಗ ಅತ್ತೆ ಸೀರೆ ಉಟ್ಟು ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಜುಬೇದಾ ಒಬ್ಬಳೇ ಇರುತ್ತಾಳೆ ಎಂದರು. ಜಯಕರ್‌ಗೆ ವಿಷಯ ಹೇಳಿದಾಗ ಅವರೂ ಆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಪ್ಲಾಟ್‌ಫಾರಮ್ಮಿನಲ್ಲಿ ಜುಬೇದಾ ನಮ್ಮ ಜೊತೆ ಒಬ್ಬ ಗಂಡಸು ಬರುತ್ತಿರುವುದನ್ನು ದೂರದಿಂದಲೇ ನೋಡಿದಳು. ಹತ್ತಿರ ಬಂದಾಗ ಅವರ ಒಡೆದ ತುಟಿಗಳನ್ನೂ ಮುಖವನ್ನೂ ಎರಡೂ ಕೈಯಿಂದ ಮುಟ್ಟಿ ನೋಡಿ, ಏನೋ ಹರಸಿದಳು. ಆಮೇಲೆ ರಹಮತ್ ಎಂಬವನನ್ನು ಕಂಡಿರಾ ಎಂದು ಕೇಳಿದಳು. ಅವರು ಕಂಡಿರಲಿಲ್ಲ.

ರೈಲು ಬಂತು. ನಾವು ನಾಲ್ವರೂ ಬಾಗಿಲುಗಳನ್ನು ನೋಡಿದೆವು. ನನಗೆ ಅದೇ ಹಳೆಯ ಭಯ ಬಂತು, ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲದೆ. ಜನ ಇಳಿದು ಹೋದರು, ರೈಲು ಹೊರಟಿತು. ಜುಬೇದಾ ಅವತ್ತು ತನ್ನ ಎಂದಿನ ಮಾತು ಹೇಳಲಿಲ್ಲ. ಬರಿದಾದ ಹಳಿಗಳನ್ನು ನೋಡುತ್ತ ನಿಂತಳು.

ಅತ್ತೆ ಅವಳ ಪಕ್ಕಕ್ಕೆ ಹೋದರು. ನಿಮ್ಮ ಮಗ ಬಂದೇ ಬರುತ್ತಾನೆ ಎಂದು ಹೇಳುತ್ತಾರೆಂದು ನಾನು ಕಾದೆ. ಅವರು ಹಾಗೆ ಹೇಳಲಿಲ್ಲ. ಕೊಡೆ ಬಿಡಿಸಿ ಅವಳ ತಲೆಯ ಮೇಲೆ ಹಿಡಿದರು.

"ನಾಳೆನೂ ಬರ್ತೀವಿ ನಾವು" ಎಂದರು.